ಹಿತ್ತಲ ಬಾಗಿಲಿಲ್ಲದ ಮನೆ: ದೇಹದೊಳಗಿನ ಕಬ್ಬಿಣದ ಲೆಕ್ಕ



ಪಾಠ ಹೇಳುತ್ತ, ಹೆರಿಗೆ ವಿಭಾಗದ ಹೊರರೋಗಿಗಳನ್ನು ನೋಡುತ್ತ ವೃತ್ತಿಜೀವನ ಕಳೆದವಳು ನಾನು. ಅಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು ಯಾವುದೆಂದು ಕೇಳಿದರೆ ಯೋಚಿಸಬೇಕಾಗಿಯೇ ಇಲ್ಲ: ‘ರಕ್ತ ಕಡಿಮೆ ಇದೆಯಮ್ಮ.’ ಅದಕ್ಕೆ ಬರುತ್ತಿದ್ದ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಮಾತ್ರೆ ತಗೊಂಡೆ ಡಾಕ್ಟ್ರೇ, ಏರಲೇ ಇಲ್ಲ.’ ಬಹಳ ವರ್ಷ ನಾನು ಈ ಉತ್ತರವನ್ನು ನಂಬಿರಲಿಲ್ಲ. ಮಾತ್ರೆ ನುಂಗಿರಲಾರಳು, ಎಸೆದಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡದ್ದು ಎಷ್ಟೋ ಸಲ ಅನ್ಯಾಯವಾಗಿತ್ತು ಎಂದು ತಿಳಿದದ್ದು, ದೇಹ ಕಬ್ಬಿಣದ ಲೆಕ್ಕವನ್ನು ಹೇಗೆ ಇಡುತ್ತದೆ ಎಂಬ ಹೊಸ ತಿಳಿವಳಿಕೆ ಈ ಶತಮಾನದ ಮೊದಲ ದಶಕದಲ್ಲಿ ಒಂದೊಂದಾಗಿ ಬರತೊಡಗಿದ ಮೇಲೆ.

ಇವತ್ತಿನ ಮಾತನ್ನು ಹೀಗೆ ನಡೆಸಿಕೊಂಡು ಹೋಗಬೇಕೆಂದಿದ್ದೇನೆ. ದೇಹಕ್ಕೆ ಕಬ್ಬಿಣ ಯಾಕೆ ಬೇಕು, ಬೇಕಾದದ್ದಕ್ಕೆ ಅಷ್ಟೊಂದು ಹೆದರುವುದೇಕೆ ಎಂಬುದು ಮೊದಲು. ಆಮೇಲೆ ಒಳಗಿರುವ ಕಬ್ಬಿಣದ ಜಮಾಖರ್ಚು. ಮೂರನೆಯದು, ಬಾಗಿಲು ಕಾಯುವ ಒಂದು ಪುಟ್ಟ ಹಾರ್ಮೋನಿನ ಕತೆ. ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೊನೆಗೆ, ಈ ತಿಳಿವಳಿಕೆ ಹಿಡಿದು ನಮ್ಮ ಮಾತ್ರೆ, ನಮ್ಮ ಊಟ, ನಮ್ಮ ಚಹಾದ ಕಡೆ ನೋಡೋಣ.

ಮೊದಲ ವಿಷಯಕ್ಕೆ ಬರುತ್ತೇನೆ. ಭೂಮಿಯ ಹೊರಪದರದ ತೂಕದಲ್ಲಿ ಸುಮಾರು 5% ಕಬ್ಬಿಣವೇ ಇದೆ. ಸಂಡೂರಿನ ಬೆಟ್ಟಗಳು, ಕುದುರೆಮುಖ, ಹೆಸರಿನಲ್ಲೇ ಬಣ್ಣ ಹೊತ್ತ ಕೆಮ್ಮಣ್ಣುಗುಂಡಿ: ನಾವು ಕಬ್ಬಿಣದ ಮೇಲೆ ನಡೆದಾಡುವ ಜನ. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ 57% ಮಂದಿಗೆ ರಕ್ತಹೀನತೆ ಇದೆ. ಇದಕ್ಕೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಆದರೆ ದೊಡ್ಡ ಕಾರಣ ಅದೇ. ಕಾಲಡಿಯಲ್ಲಿ ರಾಶಿ ಬಿದ್ದಿರುವ ವಸ್ತು ಒಡಲಿಗೆ ಸಿಗದಿರುವುದು ಹೇಗೆ? ಗಾಳಿಗೆ ಒಡ್ಡಿಕೊಂಡ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ನೀರಿನಲ್ಲಿ ಕರಗುವುದಿಲ್ಲ. ಕರಗದ್ದು ಕರುಳಿಗೆ ದಕ್ಕುವುದಿಲ್ಲ.

ಬಸುರಿಯರು ಕದ್ದು ಕೆಮ್ಮಣ್ಣು ತಿನ್ನುವುದನ್ನು, ಬಳಪ ತಿನ್ನುವುದನ್ನು, ಹಸಿ ಅಕ್ಕಿ ಮುಕ್ಕುವುದನ್ನು ನಿಮ್ಮಲ್ಲಿ ಅನೇಕರು ಮನೆಗಳಲ್ಲಿ ನೋಡಿರುತ್ತೀರಿ. ನಾವು ಅದನ್ನು ಬಯಕೆ ಎಂದು ನಕ್ಕು ಬಿಡುತ್ತೇವೆ, ಇಲ್ಲವೇ ಗದರುತ್ತೇವೆ. ಕಬ್ಬಿಣದ ಕೊರತೆ ಇರುವವರಲ್ಲಿ ಇಂಥ ಬಯಕೆ ಹೆಚ್ಚು. ಮಣ್ಣು ತಿಂದರೆ ಕಬ್ಬಿಣ ಸಿಗುವುದಿಲ್ಲ. ಜೇಡಿಯಂಥ ಮಣ್ಣು ಊಟದಲ್ಲಿನ ಕಬ್ಬಿಣವನ್ನೂ ಹಿಡಿದಿಟ್ಟುಕೊಂಡು ಬಿಡಬಹುದು. ಮಣ್ಣು ತಿನ್ನುವ ಹೆಂಗಸನ್ನು ಗದರುವ ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ.

ರಕ್ತದಲ್ಲಿ ಕಬ್ಬಿಣ ಇದೆ ಎಂಬುದು ಹಳೆಯ ಸಂಗತಿ. ಮೈ ಬಿಳಿಚುವ ಪಾಂಡುರೋಗಕ್ಕೆ ಲೋಹವನ್ನೂ ಮಂಡೂರವೆಂಬ ಕಬ್ಬಿಣದ ಕಿಟ್ಟವನ್ನೂ ಕೊಡುವ ಕ್ರಮ ಚರಕನ ಕಾಲದಿಂದ ಇದೆ. 1740ರ ದಶಕದಲ್ಲಿ ಇಟಲಿಯ ಬೊಲೊನ್ಯಾದಲ್ಲಿ ವಿಂಚೆಂಜೊ ಮೆಂಗಿನಿ ಎಂಬ ವೈದ್ಯ ರಕ್ತವನ್ನು ಸುಟ್ಟು, ಬೂದಿಯ ಮೇಲೆ ಅಯಸ್ಕಾಂತ ಹಿಡಿದು, ಕಣಗಳು ಮೇಲೇಳುವುದನ್ನು ತೋರಿಸಿದ. ಹಿಮೋಗ್ಲೋಬಿನ್ನಿನ ನಡುವೆ ಕೂತ ಕಬ್ಬಿಣದ ಪರಮಾಣುವೇ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು ಬೆರಳ ತುದಿಯವರೆಗೆ ಒಯ್ದು ಬಿಡುವುದು. ಜೀವಕೋಶದೊಳಗೆ ಶಕ್ತಿ ಹುಟ್ಟಬೇಕಾದರೂ ಕಬ್ಬಿಣ ಬೇಕು. ಎಲೆಕ್ಟ್ರಾನನ್ನು ಸಲೀಸಾಗಿ ಕೊಡುವುದು, ಪಡೆಯುವುದು ಅದರ ಗುಣ.

ಅಪಾಯ ಇರುವುದೂ ಈ ಗುಣದಲ್ಲೇ. ಒಂಟಿಯಾಗಿ ತಿರುಗುವ ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡಿನ ಸಂಪರ್ಕಕ್ಕೆ ಬಂದರೆ ಸಿಕ್ಕಿದ್ದನ್ನೆಲ್ಲ ಕಚ್ಚುವ ಉಗ್ರ ಕಣಗಳು ಹುಟ್ಟುತ್ತವೆ. ಜೀವಕೋಶದ ಪೊರೆ, ಡಿಎನ್‌ಎ ಯಾವುದೂ ಉಳಿಯುವುದಿಲ್ಲ. ಆದ್ದರಿಂದ ದೇಹ ಕಬ್ಬಿಣವನ್ನು ಕಾವಲಿಲ್ಲದೆ ಓಡಾಡಲು ಬಿಡುವುದಿಲ್ಲ. ರಕ್ತದಲ್ಲಿ ಅದನ್ನು ಹೊತ್ತೊಯ್ಯುವುದು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು. ಒಂದು ಟ್ರಾನ್ಸ್‌ಫೆರಿನ್ನಿಗೆ ಎರಡೇ ಸೀಟು, ಅವುಗಳಲ್ಲೂ ಸಾಮಾನ್ಯವಾಗಿ ಮೂರನೇ ಒಂದು ಭಾಗ ಮಾತ್ರ ತುಂಬಿರುತ್ತದೆ. ಯಾವ ಗಳಿಗೆಯಲ್ಲಿ ಎಷ್ಟು ಕಬ್ಬಿಣ ಬಂದರೂ ಕೂರಿಸಲು ಜಾಗ ಇರಲಿ ಎಂಬ ಮುನ್ನೆಚ್ಚರಿಕೆ. ಕೂಡಿಡುವ ಕಣಜಕ್ಕೆ ಫೆರಿಟಿನ್ ಎಂದು ಹೆಸರು: 24 ತುಂಡುಗಳು ಸೇರಿ ಆದ ಟೊಳ್ಳು ಗೋಳ, ಒಳಗೆ 4,500ರವರೆಗೆ ಕಬ್ಬಿಣದ ಪರಮಾಣುಗಳನ್ನು ಇಡಬಹುದು.

ಇಲ್ಲಿಗೆ ಮೊದಲ ಭಾಗ ಸಾಕು. ಇನ್ನು ಜಮಾಖರ್ಚಿಗೆ ಹೋಗೋಣ.

ವಯಸ್ಕ ದೇಹದಲ್ಲಿರುವ ಒಟ್ಟು ಕಬ್ಬಿಣ 3ರಿಂದ 4 ಗ್ರಾಂ. ಕಿಸೆಯಲ್ಲಿ ಹಾಕಿಕೊಂಡರೆ ಮರೆತೇಹೋಗುವಂಥ ಒಂದು ಸಣ್ಣ ಮೊಳೆಯ ತೂಕ. ಇದರಲ್ಲಿ ಮೂರನೇ ಎರಡು ಭಾಗ ಹಿಮೋಗ್ಲೋಬಿನ್ನಿನಲ್ಲೇ ಇದೆ. ಒಂದು ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಮುದಿಯಾದ ಕಣಗಳನ್ನು ಗುಲ್ಮದಲ್ಲೂ ಪಿತ್ತಜನಕಾಂಗದಲ್ಲೂ ಇರುವ ಭಕ್ಷಕ ಕೋಶಗಳು ನುಂಗಿ, ಬಿಡಿಸಿ, ಕಬ್ಬಿಣವನ್ನು ಹೊರತೆಗೆದು ಅಸ್ಥಿಮಜ್ಜೆಗೆ ವಾಪಸು ಕಳಿಸುತ್ತವೆ. ಈ ಕೆಲಸವನ್ನು ನೀವು ಕಣ್ಣಾರೆ ನೋಡಿದ್ದೀರಿ. ಮೊಣಕಾಲಿಗೆ ಪೆಟ್ಟಾಗಿ ರಕ್ತ ಹೆಪ್ಪುಗಟ್ಟಿದ ಜಾಗ ಮೊದಲು ನೀಲಿಗಟ್ಟಿ, ಆಮೇಲೆ ಹಸಿರಾಗಿ, ವಾರ ಕಳೆಯುವಾಗ ಹಳದಿಯಾಗುತ್ತದಲ್ಲ, ಅದು ಹಿಮೋಗ್ಲೋಬಿನ್ ಬಿಚ್ಚಿಕೊಳ್ಳುವ ಬಣ್ಣ. ಹಸಿರು, ಹಳದಿ ಬಣ್ಣದ ವಸ್ತುಗಳು ಪಿತ್ತದ ದಾರಿ ಹಿಡಿದು ಹೋಗುತ್ತವೆ. ಕಬ್ಬಿಣ ಮಾತ್ರ ಹೋಗುವುದಿಲ್ಲ, ಮರಳಿ ಕೆಲಸಕ್ಕೆ ಹೊರಡುತ್ತದೆ.

ಹೊಸ ರಕ್ತಕಣ ಕಟ್ಟಲು ಅಸ್ಥಿಮಜ್ಜೆಗೆ ದಿನಕ್ಕೆ 20ರಿಂದ 25 ಮಿಲಿಗ್ರಾಂ ಕಬ್ಬಿಣ ಬೇಕು. ಊಟದಿಂದ ನಾವು ಹೀರಿಕೊಳ್ಳುವುದು ದಿನಕ್ಕೆ 1ರಿಂದ 2 ಮಿಲಿಗ್ರಾಂ ಮಾತ್ರ. ಉಳಿದದ್ದೆಲ್ಲ ಹಳೆಯದರ ಮರುಬಳಕೆ. ಹಳೇ ಸೀರೆ ಕೌದಿಯಾಗಿ, ಕೌದಿ ನೆಲ ಒರೆಸುವ ಬಟ್ಟೆಯಾಗುವ ನಮ್ಮ ಅಜ್ಜಿಯರ ಮನೆಗಳಿಗಿಂತಲೂ ಬಿಗಿಯಾದ ಸಂಸಾರ ಇದು.

ಈ ಸಂಸಾರದ ಬಹು ದೊಡ್ಡ ವಿಶೇಷ ಬೆಳಕಿಗೆ ಬಂದದ್ದು 1937ರಲ್ಲಿ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ರಾಬರ್ಟ್ ಮೆಕಾನ್ಸ್ ಮತ್ತು ಎಲ್ಸಿ ವಿಡೋಸನ್ ಕೆಲಸ ಮಾಡುತ್ತಿದ್ದರು. ಕೆಂಪು ರಕ್ತಕಣಗಳು ಅತಿಯಾಗಿ ಹುಟ್ಟುವ ಕಾಯಿಲೆಗೆ ಆಗ ಆ ಕಣಗಳನ್ನು ಒಡೆಯುವ ಔಷಧಿ ಕೊಡುತ್ತಿದ್ದರು. ಅಷ್ಟು ಕಣ ಒಡೆದಾಗ ರಾಶಿ ಕಬ್ಬಿಣ ಬಿಡುಗಡೆಯಾಗಬೇಕು, ಅದು ಮಲಮೂತ್ರದಲ್ಲಿ ಹೊರಬೀಳಬೇಕು. ಅವರು ಅಳೆದು ನೋಡಿದರು. ಬೀಳಲಿಲ್ಲ. ಆಮೇಲೆ ತಮ್ಮ ರಕ್ತನಾಳಕ್ಕೇ ಕಬ್ಬಿಣ ಚುಚ್ಚಿಸಿಕೊಂಡು ನೋಡಿದರು. ಆಗಲೂ ಹೊರಗೆ ಬರಲಿಲ್ಲ. ಹೆಚ್ಚಾದ ಉಪ್ಪನ್ನು ಮೂತ್ರಪಿಂಡ ಹೊರಹಾಕುತ್ತದೆ, ಹೆಚ್ಚಾದ ನೀರನ್ನೂ. ಹೆಚ್ಚಾದ ಕಬ್ಬಿಣವನ್ನು ಹೊರಹಾಕುವ ಅಂಗ ಮನುಷ್ಯನಿಗೆ ಇಲ್ಲ. ಚರ್ಮ ಉದುರುವಾಗ, ಕರುಳಿನ ಒಳಪದರ ಸವೆಯುವಾಗ ದಿನಕ್ಕೆ ಒಂದೆರಡು ಮಿಲಿಗ್ರಾಂ ತಾನಾಗಿ ಹೋಗುವುದಷ್ಟೇ.

ನಮ್ಮ ಹಳೆಯ ಮನೆಗಳಿಗೆ ತಲೆಬಾಗಿಲು ಎದುರಿಗೆ, ಹಿತ್ತಲ ಬಾಗಿಲು ಹಿಂದಕ್ಕೆ. ಕಬ್ಬಿಣದ ಮಟ್ಟಿಗೆ ದೇಹ ಹಿತ್ತಲ ಬಾಗಿಲಿಲ್ಲದ ಮನೆ. ಬಂದವರು ಹೋಗುವುದಿಲ್ಲವೆಂದರೆ ಯಾರನ್ನು ಒಳಗೆ ಬಿಡಬೇಕು ಎಂಬ ವಿಚಾರವೆಲ್ಲ ತಲೆಬಾಗಿಲಲ್ಲೇ ತೀರ್ಮಾನವಾಗಬೇಕು.

ಹೆಣ್ಣಿನ ಲೆಕ್ಕ ಇದಕ್ಕಿಂತ ಬೇರೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ತಿಂಗಳ ಮುಟ್ಟಿನಲ್ಲಿ 30–40 ಮಿಲಿಲೀಟರ್ ಹೋಯಿತೆಂದರೆ 15–20 ಮಿಲಿಗ್ರಾಂ ಕಬ್ಬಿಣ ಹೋಯಿತು. ಹೆಚ್ಚು ಹೋಗುವವರ ಪಾಡು ಇನ್ನೂ ಕಷ್ಟ. ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಬೇಕು. ಗಂಡಸಿನ ಕಣಜದಲ್ಲಿ ಅಷ್ಟು ದಾಸ್ತಾನು ಇರಬಹುದು, ಹೆಂಗಸರಲ್ಲಿ ಸಾಮಾನ್ಯವಾಗಿ 300 ಮಿಲಿಗ್ರಾಂ, ನಮ್ಮ ಅನೇಕ ಹೆಣ್ಣುಮಕ್ಕಳಲ್ಲಿ ಅದೂ ಇಲ್ಲ. ರಕ್ತದಾನದ ನಿಯಮವನ್ನು ಇದೇ ಲೆಕ್ಕದಿಂದ ಓದಬಹುದು. 350 ಮಿಲಿಲೀಟರ್ ಕೊಟ್ಟಾಗ ಸುಮಾರು 175 ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ನಮ್ಮ ದೇಶದಲ್ಲಿ ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಮತ್ತೆ ಕೊಡಬಹುದು ಎನ್ನುವುದು ಯಾಕೆಂದು ಈಗ ನಿಮಗೇ ಹೊಳೆಯುತ್ತದೆ.

ಈಗ ಮೂರನೆಯ ಭಾಗಕ್ಕೆ, ಬಾಗಿಲು ಕಾಯುವವರ ಕಡೆಗೆ.

ಮೆಕಾನ್ಸ್ ಅವರ ಪ್ರಯೋಗವಾಗಿ 60 ವರ್ಷ ಕಳೆದರೂ ಬಾಗಿಲಿನ ಕೀಲಿ ಯಾರ ಕೈಯಲ್ಲಿದೆ ಎಂದು ಗೊತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಬೇರೇನನ್ನೋ ಹುಡುಕುತ್ತಿದ್ದವರಿಗೆ. 2000ದಲ್ಲಿ ಜರ್ಮನಿಯ ಒಂದು ತಂಡ, 2001ರಲ್ಲಿ ಕ್ಯಾಲಿಫೋರ್ನಿಯಾದ ಟೋಮಸ್ ಗಾಂಜ್ ಅವರ ತಂಡ, ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಹುಡುಕುವಾಗ ಒಂದು ಪುಟ್ಟ ಅಣುವನ್ನು ಕಂಡವು. ಬರೀ 25 ಅಮೈನೋ ಆಮ್ಲಗಳ ಸರ. ಪಿತ್ತಜನಕಾಂಗದಲ್ಲಿ ಹುಟ್ಟುತ್ತದೆ, ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ಅರ್ಥ ಬರುವಂತೆ ಗಾಂಜ್ ತಂಡ ಅದಕ್ಕೆ ಹೆಪ್ಸಿಡಿನ್ ಎಂದು ಹೆಸರಿಟ್ಟಿತು. ಕಬ್ಬಿಣದ ಸುದ್ದಿಯೇ ಅಲ್ಲಿರಲಿಲ್ಲ.

ಅದೇ 2001ರಲ್ಲಿ ಪ್ಯಾರಿಸಿನಲ್ಲಿ ಸೋಫಿ ವೋಲೋಂ, ಗಾಯೆಲ್ ನಿಕೋಲಾ ಮೊದಲಾದವರು ಇಲಿಗಳಲ್ಲಿ ಬೇರೊಂದು ಜೀನನ್ನು ನಿಷ್ಕ್ರಿಯಗೊಳಿಸಿ ಸಕ್ಕರೆಯ ಚಯಾಪಚಯ ಅಧ್ಯಯನ ಮಾಡುತ್ತಿದ್ದರು. ಆ ಇಲಿಗಳ ಅಂಗಾಂಗಗಳಲ್ಲಿ ಕಬ್ಬಿಣ ತುಂಬಿ ತುಳುಕುತ್ತಿತ್ತು. ಕಾರಣ ಹುಡುಕಿದರೆ, ಅವರು ಮುಟ್ಟಿದ ಜೀನಿನ ಪಕ್ಕದ ಮನೆಯ ಜೀನು ಸದ್ದಿಲ್ಲದೆ ಮಲಗಿಬಿಟ್ಟಿತ್ತು. ಅದು ಹೆಪ್ಸಿಡಿನ್‌ನ ಜೀನು. ಮರುವರ್ಷ ಅದೇ ತಂಡ ಹೆಪ್ಸಿಡಿನ್ ಅತಿಯಾಗಿ ಹುಟ್ಟುವ ಇಲಿಗಳನ್ನು ಬೆಳೆಸಿದಾಗ ಮರಿಗಳು ಹುಟ್ಟುವಾಗಲೇ ಬಿಳಿಚಿಕೊಂಡಿದ್ದವು, ತೀವ್ರ ರಕ್ತಹೀನತೆ. ಹೆಪ್ಸಿಡಿನ್ ಇಲ್ಲದಿದ್ದರೆ ಮನೆಗೆ ಪ್ರವಾಹ, ಅತಿಯಾದರೆ ಬರಗಾಲ ಎಂದು ಈ ಎರಡು ಬಗೆಯ ಇಲಿಗಳು ತೋರಿಸಿಕೊಟ್ಟವು.

ಕೀಲಿ ತಿರುಗುವ ಬಗೆಯನ್ನು 2004ರಲ್ಲಿ ಎಲಿಜಬೆತಾ ನೆಮೆಥ್ ಮತ್ತು ಸಂಗಡಿಗರು ಬಿಡಿಸಿ ತೋರಿಸಿದರು. ಜೀವಕೋಶದಿಂದ ಕಬ್ಬಿಣ ರಕ್ತಕ್ಕೆ ಇಳಿಯಲು ಇರುವುದು ಒಂದೇ ದ್ವಾರ, ಫೆರೋಪೋರ್ಟಿನ್. ಕರುಳಿನ ಕೋಶದಲ್ಲಿ, ಭಕ್ಷಕ ಕೋಶದಲ್ಲಿ, ಪಿತ್ತಜನಕಾಂಗದಲ್ಲಿ, ಎಲ್ಲೆಡೆಯೂ ಅದೇ. ಹೆಪ್ಸಿಡಿನ್ ಹೋಗಿ ಈ ದ್ವಾರಕ್ಕೆ ಅಂಟಿಕೊಳ್ಳುತ್ತದೆ. ಅಂಟಿಕೊಂಡದ್ದೇ ತಡ, ಜೀವಕೋಶ ಆ ದ್ವಾರವನ್ನೇ ಚೌಕಟ್ಟು ಸಮೇತ ಒಳಗೆಳೆದುಕೊಂಡು ಪುಡಿಮಾಡುತ್ತದೆ.

ಕರುಳಿನಲ್ಲಿ ಆಗುವುದನ್ನು ಇನ್ನೂ ಹತ್ತಿರದಿಂದ ನೋಡಿ. ಸಣ್ಣಕರುಳಿನ ಮೊದಲ ಗೇಣಿನಷ್ಟು ಭಾಗದಲ್ಲಿ ಒಳಪದರದ ಕೋಶಗಳು ಊಟದ ಕಬ್ಬಿಣವನ್ನು ತಮ್ಮೊಳಗೆ ತೆಗೆದುಕೊಳ್ಳುತ್ತವೆ. ಆದರೆ ಇದು ಜಗಲಿ ಮಾತ್ರ, ಇನ್ನೂ ಮನೆಯೊಳಗಲ್ಲ. ರಕ್ತದ ಕಡೆಗಿನ ಬಾಗಿಲು ತೆರೆದಿದ್ದರೆ ಕಬ್ಬಿಣ ಒಳಗೆ ಹೋಗುತ್ತದೆ. ಹೆಪ್ಸಿಡಿನ್ ಬಂದು ಬಾಗಿಲನ್ನು ಕಿತ್ತಿದ್ದರೆ, ಬಂದ ಕಬ್ಬಿಣ ಜಗಲಿಯಲ್ಲೇ ಫೆರಿಟಿನ್ ಒಳಗೆ ಕೂತಿರುತ್ತದೆ. ಆ ಕೋಶದ ಆಯಸ್ಸೇ ಕೆಲವು ದಿನ. ಅದು ಉದುರಿ ಮಲದೊಡನೆ ಹೋಗುವಾಗ ಕಬ್ಬಿಣವೂ ಜಗಲಿಯ ಸಮೇತ ಹೊರಟುಹೋಗುತ್ತದೆ.

ಪಿತ್ತಜನಕಾಂಗ ಯಾರ ಮಾತು ಕೇಳಿ ಹೆಪ್ಸಿಡಿನ್ ತಯಾರಿಸುತ್ತದೆ? ಮೂರು ಕಡೆಯ ಮಾತು. ಕಣಜ ತುಂಬಿದರೆ ಹೆಚ್ಚು ತಯಾರಿಸುತ್ತದೆ, ಖಾಲಿಯಾದರೆ ಕಡಿಮೆ. ರಕ್ತ ಹೋಗಿ ಅಸ್ಥಿಮಜ್ಜೆಗೆ ಅವಸರ ಬಿದ್ದಾಗ ಅದು ಎರಿಥ್ರೋಫೆರೋನ್ ಎಂಬ ಓಲೆ ಕಳಿಸಿ ಹೆಪ್ಸಿಡಿನ್ ತಗ್ಗಿಸುತ್ತದೆ. ಈ ಓಲೆಯನ್ನು ಗಾಂಜ್ ಮತ್ತು ನೆಮೆಥ್ ಅವರ ಪ್ರಯೋಗಾಲಯ 2014ರಲ್ಲಿ ಗುರುತಿಸಿತು. ಮೂರನೆಯದು ಜ್ವರ, ಸೋಂಕು, ಉರಿಯೂತ. ಆಗ ಹೆಪ್ಸಿಡಿನ್ ಜೋರಾಗಿ ಏರುತ್ತದೆ. ಯಾಕೆಂದರೆ ಕಬ್ಬಿಣ ನಮಗೆಷ್ಟು ಬೇಕೋ ರೋಗಾಣುಗಳಿಗೂ ಅಷ್ಟೇ ಬೇಕು. ಊರಿಗೆ ದಂಡು ಬಂದಾಗ ಹಗೇವಿನ ಬಾಯಿ ಮುಚ್ಚಿ ಧಾನ್ಯ ಅಡಗಿಸುತ್ತಿದ್ದರಂತಲ್ಲ, ಅದೇ ಜಾಣತನ. ಆದರೆ ದಂಡು ತಿಂಗಳುಗಟ್ಟಲೆ ಬೀಡುಬಿಟ್ಟರೆ ಊರವರೂ ಹಸಿಯಬೇಕು. ಕ್ಷಯ, ಸಂಧಿವಾತದಂಥ ದೀರ್ಘ ಕಾಯಿಲೆಗಳಲ್ಲಿ ಕಣಜದಲ್ಲಿ ಕಬ್ಬಿಣವಿದ್ದೂ ರಕ್ತಹೀನತೆ ಬರುವುದು ಹೀಗೆ. ಅಂಥ ರೋಗಿಯ ಅಸ್ಥಿಮಜ್ಜೆಯನ್ನು ಗಾಜಿನ ಮೇಲೆ ಸವರಿ, ಕಬ್ಬಿಣವನ್ನು ನೀಲಿಯಾಗಿ ತೋರಿಸುವ ಪರ್ಲ್ಸ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಭಕ್ಷಕ ಕೋಶಗಳಲ್ಲಿ ದಟ್ಟ ನೀಲಿ ಹರಳುಗಳು ಕಾಣುತ್ತವೆ. ಪಕ್ಕದಲ್ಲೇ, ಕೆಂಪುಕಣವಾಗಬೇಕಾದ ಎಳೆ ಕೋಶಗಳಲ್ಲಿ ನೀಲಿಯ ಚುಕ್ಕೆಯೂ ಇರುವುದಿಲ್ಲ. ನಿಜವಾದ ಕೊರತೆಯಿದ್ದವರ ಗಾಜಿನಲ್ಲಿ ಎಲ್ಲಿ ಹುಡುಕಿದರೂ ನೀಲಿಯಿಲ್ಲ. ಎರಡೂ ಗಾಜುಗಳನ್ನು ಒಟ್ಟಿಗೆ ನೋಡಿದ ವಿದ್ಯಾರ್ಥಿ ಆಮೇಲೆ ‘ರಕ್ತ ಕಡಿಮೆ’ ಎಂಬ ಮಾತನ್ನು ಹಗುರವಾಗಿ ಆಡುವುದಿಲ್ಲ.

ಕಾವಲು ತಪ್ಪಿದ ಮನೆಗಳ ಬಗ್ಗೆ ಎರಡು ಮಾತು. ಉತ್ತರ ಯುರೋಪಿನ ಮೂಲದವರಲ್ಲಿ ಹಿಮೋಕ್ರೊಮಟೋಸಿಸ್ ಎಂಬ ಆನುವಂಶಿಕ ಕಾಯಿಲೆ ಸಾಮಾನ್ಯ: ಹೆಪ್ಸಿಡಿನ್ ಸಾಕಷ್ಟು ಹುಟ್ಟದೆ ಕಬ್ಬಿಣ ಜೀವಮಾನವಿಡೀ ಒಳಬರುತ್ತದೆ. ಚಿಕಿತ್ಸೆ ಇಂದಿಗೂ ಆಗಾಗ ರಕ್ತ ತೆಗೆಯುವುದೇ. ಇಲ್ಲದ ಹಿತ್ತಲ ಬಾಗಿಲನ್ನು ಸೂಜಿಯಿಂದ ಮಾಡಿಕೊಟ್ಟಂತೆ. ಆ ಕಾಯಿಲೆ ನಮ್ಮಲ್ಲಿ ಅಪರೂಪ. ನಮ್ಮ ಸಂಕಟ ಥಲಸ್ಸೀಮಿಯ, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ಕಾಯಿಲೆ. ಅದಿರುವ ಮಕ್ಕಳಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕು, ಒಂದೊಂದು ಬಾಟಲಿಯೊಡನೆ 200ರಿಂದ 250 ಮಿಲಿಗ್ರಾಂ ಕಬ್ಬಿಣ ನೇರ ರಕ್ತಕ್ಕೆ ಇಳಿಯುತ್ತದೆ. ತಲೆಬಾಗಿಲಿನ ಕಾವಲು ಇಲ್ಲಿ ಕೆಲಸಕ್ಕೆ ಬಾರದು. ಹೊರಹಾಕುವ ಔಷಧಿ ಕೊಡದಿದ್ದರೆ ಆ ಕಬ್ಬಿಣ ಹೃದಯದಲ್ಲಿ ಕೂರುತ್ತದೆ. ರಕ್ತ ಕೊಡದೆಯೂ, ಮಜ್ಜೆ ಕಳಿಸುವ ಓಲೆಗಳ ಒತ್ತಡಕ್ಕೆ ಹೆಪ್ಸಿಡಿನ್ ತಗ್ಗಿ, ಇವರಲ್ಲಿ ಕಬ್ಬಿಣ ಏರುತ್ತ ಹೋಗುತ್ತದೆ. ಬಿಳಿಚಿಕೊಂಡ ಮಗುವನ್ನು ಕಂಡ ಕೂಡಲೇ ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಬರೆದುಕೊಟ್ಟ ಚೀಟಿಗಳನ್ನು ನಾನು ನೋಡಿದ್ದೇನೆ. ಆ ಮಕ್ಕಳಿಗೆ ಬೇಕಾಗಿದ್ದುದು ಒಂದು ಸರಿಯಾದ ಪರೀಕ್ಷೆ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಯ ಭಾಗ: ನಮ್ಮ ಮಾತ್ರೆ ಮತ್ತು ತಟ್ಟೆ.

ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಊಟದಿಂದ ಒಂದೆರಡು ಮಿಲಿಗ್ರಾಂ ನೋಡಿ ಅಭ್ಯಾಸವಿದ್ದ ಬಾಗಿಲಿಗೆ ಇದು ಜಾತ್ರೆ ಬಂದಂತೆ. 2015ರಲ್ಲಿ ಜ್ಯೂರಿಕ್‌ನ ಸಂಶೋಧಕರು, ಕಬ್ಬಿಣ ಕಡಿಮೆಯಿದ್ದ ಯುವತಿಯರಲ್ಲಿ, ಇಂಥ ಒಂದು ಮಾತ್ರೆಯಿಂದ ಏರಿದ ಹೆಪ್ಸಿಡಿನ್ ಮರುದಿನವೂ ಇಳಿಯದೆ ಎರಡನೆಯ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ ಎಂದು ತೋರಿಸಿದರು. 2017ರಲ್ಲಿ ಅವರೇ ದಿನ ಬಿಟ್ಟು ದಿನ ಕೊಟ್ಟು ನೋಡಿದಾಗ ಪ್ರತಿ ಮಾತ್ರೆಯಿಂದ ದಕ್ಕಿದ ಪಾಲು ಸುಮಾರು 16%ರಿಂದ 22%ಕ್ಕೆ ಏರಿತು. ದಕ್ಕದ ಕಬ್ಬಿಣ ದೊಡ್ಡಕರುಳಿಗೆ ಹೋಗಿ ಮಲಬದ್ಧತೆ ತರುತ್ತದೆ, ಮಲವನ್ನು ಕಪ್ಪಾಗಿಸುತ್ತದೆ. ಕಪ್ಪು ಕಂಡು ಹೆದರಿ ಮಾತ್ರೆ ಬಿಟ್ಟವರೆಷ್ಟೋ. ಮೊದಲೇ ಒಂದು ಮಾತು ಹೇಳಿದ್ದರೆ ಹೆದರುತ್ತಿರಲಿಲ್ಲ. ದಿನ ಬಿಟ್ಟು ದಿನದ ಈ ಮಾತು ಕೇಳಿ ಬಸುರಿಯರು ದಿನದ ಮಾತ್ರೆಯನ್ನು ತಾವೇ ಬಿಡಬಾರದು. ಬಸಿರಿನ ಉತ್ತರಾರ್ಧದಲ್ಲಿ ಹೆಪ್ಸಿಡಿನ್ ತಾನಾಗಿ ತೀರ ಇಳಿದಿರುತ್ತದೆ, ಬಾಗಿಲು ಅಗಲವಾಗಿರುತ್ತದೆ, ಅಗತ್ಯವೂ ದೊಡ್ಡದು. ನಾನು ಹೇಳುತ್ತಿರುವುದು, ‘ಏರಲೇ ಇಲ್ಲ’ ಎನ್ನುವ ಹೆಣ್ಣಿನ ಮಾತನ್ನು ನಂಬಿ ಕಾರಣ ಹುಡುಕಿ ಎಂದು. ಕೊಕ್ಕೆಹುಳು ಇದೆಯೇ, ಮುಟ್ಟು ಹೆಚ್ಚೇ, ಒಳಗೆ ಸೋಂಕಿದೆಯೇ, ಮಾತ್ರೆಯ ಹಿಂದೆಯೇ ಚಹಾ ಕುಡಿಯುತ್ತಾಳೆಯೇ?

ಎಲ್ಲರಿಗೂ ಕಬ್ಬಿಣ ಸುರಿದರಾಯಿತು ಎಂಬುದೂ ನಡೆಯದು. ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ ಮಲೇರಿಯಾ ತೀವ್ರವಾಗಿದ್ದ ಕಡೆ ಸುನಿಲ್ ಸಾಜಾವಾಲ್ ಮತ್ತು ಸಂಗಡಿಗರು ಚಿಕ್ಕಮಕ್ಕಳಿಗೆ ದಿನವೂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಕೊಟ್ಟು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಬ್ಬಿಣ ಪಡೆದ ಮಕ್ಕಳಲ್ಲಿ ಆಸ್ಪತ್ರೆ ಸೇರುವ ಅಥವಾ ಸಾಯುವ ಅಪಾಯ 12% ಹೆಚ್ಚಿತ್ತು. ಅಧ್ಯಯನದಲ್ಲಿ ಕಬ್ಬಿಣ ಕೊಡುವ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ನಿಜವಾಗಿ ಕೊರತೆಯಿದ್ದು, ಮಲೇರಿಯಾಕ್ಕೆ ಬೇಗ ಚಿಕಿತ್ಸೆ ಸಿಕ್ಕ ಮಕ್ಕಳಿಗೆ ಮಾತ್ರ ಅದೇ ಕಬ್ಬಿಣದಿಂದ ಒಳ್ಳೆಯದಾಯಿತು.

ಇನ್ನು ಊಟ. ರಾಗಿಯಲ್ಲಿ ಕಬ್ಬಿಣ ಇದೆ, ಸೊಪ್ಪಿನಲ್ಲಿದೆ, ಹುರುಳಿಯಲ್ಲಿದೆ. ಜೊತೆಗೆ ಅದನ್ನು ಬಿಗಿದಿಡುವ ಫೈಟೇಟೂ ಟ್ಯಾನಿನ್ನೂ ಇವೆ. ಮೊಳಕೆ ಕಟ್ಟಿಸಿದರೆ ಫೈಟೇಟ್ ಇಳಿಯುತ್ತದೆ. ಮಗುವಿನ ರಾಗಿ ಸರಿಗೆ ಮೊಳಕೆ ಕಟ್ಟಿಸುವ ಹಳೆಯ ರೂಢಿಯನ್ನು ಬಿಡಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಪ್ರತಿ ಅಡುಗೆಮನೆಗೂ ತಲುಪಬೇಕಾದದ್ದು. ನಮ್ಮದೇ ಅನ್ನದ ಊಟಕ್ಕೆ ಗುರುತು ಹಚ್ಚಿದ ಕಬ್ಬಿಣ ಸೇರಿಸಿ, ಯುವತಿಯರಲ್ಲಿ ಹೀರಿಕೆ ಅಳೆದರು. ಊಟದ ಜೊತೆ ಒಂದು ಕಪ್ ಚಹಾ ಕುಡಿದರೆ ಹೀರಿಕೆ ಸುಮಾರು ಅರ್ಧಕ್ಕೆ ಇಳಿಯಿತು, ಎರಡು ಕಪ್ಪಿಗೆ ಮೂರನೇ ಒಂದಕ್ಕೆ. ಸಿ ಜೀವಸತ್ವ ಸೇರಿಸಿದಾಗ ಹಲವು ಪಟ್ಟು ಏರಿತು. ನಿಂಬೆ, ಸೀಬೆ, ಹಿತ್ತಲಿನ ನೆಲ್ಲಿಕಾಯಿ: ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿ ಸುಳ್ಳು. ಚಹಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಹೊಲದಲ್ಲಿ ದುಡಿದು ಬಂದ ಹೆಂಗಸಿಗೆ ಅದೊಂದೇ ವಿಶ್ರಾಂತಿ ಇರಬಹುದು. ಊಟವಾಗಿ ಒಂದೆರಡು ಗಂಟೆ ಕಳೆಯಲಿ, ಅಷ್ಟೇ.

ಮಾತ್ರೆಗೂ ತಟ್ಟೆಗೂ ಮೊದಲೇ ಸಿಗುವ ಕಬ್ಬಿಣವೊಂದಿದೆ. ಹುಟ್ಟಿದ ಮಗುವಿನ ಹೊಕ್ಕುಳ ಬಳ್ಳಿಯನ್ನು ಕತ್ತರಿಸುವ ಮೊದಲು ಒಂದರಿಂದ ಮೂರು ನಿಮಿಷ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳಲ್ಲಿ ಮಾಸದಿಂದ ಇಳಿಯುವ ರಕ್ತದ ಕಬ್ಬಿಣ ಮಗುವಿನ ಮೊದಲ ತಿಂಗಳುಗಳ ಬುತ್ತಿ. ಕಾಸು ಖರ್ಚಿಲ್ಲದ ಈ ಕೆಲಸಕ್ಕೆ ಹೆರಿಗೆ ಕೋಣೆಯ ಅವಸರದಲ್ಲಿ ನಾವು ವ್ಯವಧಾನ ಕೊಡಬೇಕು.

ಒಬ್ಬ ತಾಯಿಯ ಪ್ರಶ್ನೆ ಹೇಳಿ ಮುಗಿಸುತ್ತೇನೆ. ಬಾಣಂತನ ಮುಗಿದು ತಪಾಸಣೆಗೆ ಬಂದಿದ್ದಳು. ಹಿಮೋಗ್ಲೋಬಿನ್ 12 ದಾಟಿತ್ತು. ಇನ್ನೂ ಮೂರು ತಿಂಗಳು ಮಾತ್ರೆ ಬೇಕು ಎಂದೆ. ‘ರಕ್ತ ಸರಿಯಾಯ್ತು ಅಂತೀರಿ, ಮತ್ಯಾಕೆ ಮಾತ್ರೆ?’ ಎಂದಳು. ಬಂದ ಕಬ್ಬಿಣವನ್ನು ಮೊದಲು ಅಸ್ಥಿಮಜ್ಜೆ ತೆಗೆದುಕೊಳ್ಳುತ್ತದೆ, ಕಣಜಕ್ಕೆ ಬೀಳುವುದು ಕಡೆಗೆ. ಅದನ್ನು ಅವಳಿಗೆ ಹೀಗೆ ಹೇಳಿದೆ: ‘ಅಡುಗೆಮನೆ ಡಬ್ಬ ತುಂಬಿದೆ, ಕಣಜ ಇನ್ನೂ ಖಾಲಿ ಇದೆ.’ ಅವಳು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಬೆರಳು ಮಡಿಸಿ ತಿಂಗಳು ಎಣಿಸಿ, ‘ಹಂಗಾದ್ರೆ ಯುಗಾದಿ ತನಕ’ ಎಂದು ಮಾತ್ರೆಯ ಪಟ್ಟಿಗಳನ್ನು ಸೆರಗಿಗೆ ಗಂಟುಹಾಕಿಕೊಂಡಳು.